ಸ್ಟೀಫನ್ ಜೇ ಗೂಲ್ಡ್ ಅವರ ಪುಸ್ತಕಗಳು: ಎಲ್ಲಿಂದ ಆರಂಭಿಸಬೇಕು, ಎಲ್ಲಿ ಎಚ್ಚರ ಬೇಕು

ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ ಹೆಸರು ಹೊತ್ತ ಪುಸ್ತಕಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಜೋಡಿಸಿಟ್ಟರೆ, ಅವೆಲ್ಲವೂ ಒಬ್ಬರದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಮಾಸಪತ್ರಿಕೆಯ ಅಂಕಣ ಬರಹಗಳ ಹತ್ತು ಸಂಕಲನಗಳಿವೆ; ಬುದ್ಧಿಮತ್ತೆಯ ಅಳತೆಯನ್ನು ಪ್ರಶ್ನಿಸುವ ವಾದಗ್ರಂಥವಿದೆ; ಕೆನಡಾದ ಬೆಟ್ಟವೊಂದರಲ್ಲಿ ಸಿಕ್ಕ ಪಳೆಯುಳಿಕೆಗಳ ಕಥೆಯಿದೆ; ಭೂವಿಜ್ಞಾನದ ಇತಿಹಾಸವಿದೆ; ಧರ್ಮ ಮತ್ತು ವಿಜ್ಞಾನಗಳ ಸಂಬಂಧವನ್ನು ಕುರಿತ ಸಣ್ಣ ಹೊತ್ತಗೆಯಿದೆ; ಛಾಯಾಗ್ರಾಹಕಿ ರೋಸಮಂಡ್ ಪರ್ಸೆಲ್ ಅವರ ಚಿತ್ರಗಳೊಡನೆ ಹೆಣೆದ ಪುಸ್ತಕಗಳಿವೆ; ಅವರು ತೀರಿಕೊಂಡ ಮೇಲೆ 2003ರಲ್ಲಿ ಬಂದ ಬೇಸ್‌ಬಾಲ್ ಬರಹಗಳ ಸಂಗ್ರಹವೂ ಇದೆ. ಇವೆಲ್ಲದರ ಪಕ್ಕದಲ್ಲಿ, ಕಪಾಟಿನಿಂದ ಇಳಿಸಲು ಎರಡೂ ಕೈ ಬೇಕಾಗುವ, 1,400ಕ್ಕೂ ಹೆಚ್ಚು ಪುಟಗಳ ಒಂದು ಮಹಾಗ್ರಂಥವಿದೆ. ಹೊಸದಾಗಿ ಗೂಲ್ಡ್ ಅವರನ್ನು ಓದಬೇಕೆಂದಿರುವವರು ಈ ರಾಶಿಯ ಮುಂದೆ ನಿಂತು ಯಾವುದನ್ನು ಕೈಗೆತ್ತಿಕೊಳ್ಳುವುದೆಂದು ತಿಳಿಯದೆ ಹಿಂಜರಿಯುವುದು ಸಹಜ. ಹಲವು ವರ್ಷಗಳಿಂದ ಈ ಪುಸ್ತಕಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ಕೆಲವನ್ನು ಮೂರು ನಾಲ್ಕು ಸಲ ಓದಿರುವ ನಾನು, ಅಂಥವರಿಗೆಂದೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಗೂಲ್ಡ್ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನಲ್ಲಿ. ಐದು ವರ್ಷದವರಿದ್ದಾಗ ತಂದೆ ಅವರನ್ನು ಅಲ್ಲಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಕರೆದೊಯ್ದು ಟಿರನೋಸಾರಸ್‌ನ ಎಲುಬುಗೂಡನ್ನು ತೋರಿಸಿದರಂತೆ. ಮುಂದೆ ಪಳೆಯುಳಿಕೆಗಳನ್ನೇ ಓದಬೇಕೆಂದು ಹುಡುಗ ಅಂದೇ ನಿಶ್ಚಯಿಸಿದ. 1967ರಿಂದ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಆದರೆ ಅವರು ಜೀವಮಾನವಿಡೀ ಬೆನ್ನುಹತ್ತಿದ್ದು ಡೈನೋಸಾರ್‌ಗಳನ್ನಲ್ಲ, ಬರ್ಮುಡಾ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳ ನೆಲದ ಬಸವನಹುಳುಗಳನ್ನು. ಅವರ ಪುಸ್ತಕಗಳ ಗುಣವನ್ನೂ ದೋಷವನ್ನೂ ಅರಿಯಲು ಈ ಬಸವನಹುಳುವಿನ ಸಂಗತಿ ನೆನಪಿರಬೇಕು. ಚಿಪ್ಪಿನ ಮೇಲಿನ ಗೆರೆಗಳನ್ನು ಎಣಿಸಿ, ಅಳೆದು, ಅಲ್ಲಿಂದ ದೊಡ್ಡ ಪ್ರಶ್ನೆಗೆ ಏರುವುದು ಅವರ ಕಸುಬಿನ ರೀತಿ. ಬರವಣಿಗೆಯಲ್ಲಿಯೂ ಸಣ್ಣ ವಸ್ತುವೊಂದನ್ನು ಕೈಯಲ್ಲಿ ಹಿಡಿದು ದೊಡ್ಡ ಮಾತಿನೆಡೆಗೆ ನಡೆದಾಗಲೆಲ್ಲ ಅವರು ಗೆದ್ದಿದ್ದಾರೆ; ದೊಡ್ಡ ಮಾತನ್ನು ಮೊದಲೇ ತೀರ್ಮಾನಿಸಿಕೊಂಡು ಅದಕ್ಕೆ ತಕ್ಕ ಸಣ್ಣ ವಸ್ತುಗಳನ್ನು ಹುಡುಕಹೊರಟಾಗ ಎಡವಿದ್ದಾರೆ. ಅವರ ಇಡೀ ಕಪಾಟಿನ ಬಗ್ಗೆ ನಾನು ಕಂಡುಕೊಂಡದ್ದು ಇಷ್ಟು.

ಗೆಲುವಿನ ಮಾತಿಗೆ ಬಂದರೆ, 1980ರಲ್ಲಿ ಪ್ರಕಟವಾದ ‘ದ ಪಾಂಡಾಸ್ ಥಂಬ್’ ಸಂಕಲನವನ್ನೇ ಮೊದಲು ಹೇಳಬೇಕು. ನನ್ನ ಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿದ್ದು. ಹಿಂದಿನ ಓದುಗರಾರೋ ಮೊದಲ ಪ್ರಬಂಧದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಮನುಷ್ಯನ ಕೈಯ ಚಿತ್ರ ಬರೆದು, ಮಣಿಕಟ್ಟಿನ ಹತ್ತಿರ ಬಾಣದ ಗುರುತು ಹಾಕಿದ್ದಾರೆ. ಆ ಗುರುತಿನಲ್ಲಿಯೇ ಪ್ರಬಂಧದ ತಿರುಳಿದೆ. ಪಾಂಡಾ ಬಿದಿರಿನ ಕಾಂಡವನ್ನು ಹೆಬ್ಬೆರಳಿನಂಥ ಒಂದು ಅಂಗಕ್ಕೂ ಉಳಿದ ಬೆರಳುಗಳಿಗೂ ನಡುವೆ ಸಿಕ್ಕಿಸಿಕೊಂಡು ಎಲೆ ಸುಲಿಯುವುದನ್ನು ಗೂಲ್ಡ್ ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಬೆರಗಿನಿಂದ ನೋಡುತ್ತಾರೆ. ಬೆರಳುಗಳನ್ನು ಎಣಿಸಿದರೆ ಐದು ಇದ್ದೇ ಇವೆ, ಹೆಬ್ಬೆರಳು ಆರನೆಯದು! ಅಂಗರಚನೆಯನ್ನು ಬಿಡಿಸಿ ನೋಡಿದಾಗ, ಅದು ಬೆರಳೇ ಅಲ್ಲ, ಮಣಿಕಟ್ಟಿನ ಒಂದು ಪುಟ್ಟ ಮೂಳೆ ಉದ್ದವಾಗಿ ಬೆಳೆದದ್ದು ಎಂದು ತಿಳಿಯುತ್ತದೆ. ಪಾಂಡಾದ ಪೂರ್ವಜರಲ್ಲಿ ನಿಜವಾದ ಹೆಬ್ಬೆರಳು ಉಳಿದವುಗಳ ಜೊತೆ ಸೇರಿ ಓಡುವುದಕ್ಕೂ ಪರಚುವುದಕ್ಕೂ ಮೀಸಲಾಗಿಬಿಟ್ಟಿತ್ತು. ಬಿದಿರು ಹಿಡಿಯಲು ಕೈಗೆ ಸಿಕ್ಕ ಬೇರೊಂದು ಮೂಳೆಯಿಂದಲೇ ಕೆಲಸ ತೆಗೆದುಕೊಳ್ಳಬೇಕಾಯಿತು. ಇಷ್ಟಕ್ಕೇ ಅವರು ನಿಲ್ಲುವುದಿಲ್ಲ. ಪಾಂಡಾದ ಹಿಂಗಾಲಿನಲ್ಲಿ ಅದಕ್ಕೆ ಸರಿಸಮನಾದ ಮೂಳೆಯೂ ಕೊಂಚ ದೊಡ್ಡದಾಗಿದೆ, ಅದರಿಂದ ಯಾವ ಉಪಯೋಗವೂ ಇಲ್ಲದಿದ್ದರೂ, ಎಂಬುದನ್ನು ತೋರಿಸುತ್ತಾರೆ. ಕೈಮೂಳೆಯನ್ನು ಬೆಳೆಸಿದ ಬದಲಾವಣೆಯೇ ಕಾಲಿನ ಮೂಳೆಯನ್ನೂ ಎಳೆದುಕೊಂಡು ಹೋಗಿದೆ. ಜಾಣ ವಿನ್ಯಾಸಕನೊಬ್ಬ ಕುಳಿತು ಮಾಡಿದ್ದರೆ ಇಂಥ ತೇಪೆ ಕೆಲಸ ಕಾಣುತ್ತಿರಲಿಲ್ಲ. ಜೀವವಿಕಾಸದ ಒಳ್ಳೆಯ ಸಾಕ್ಷ್ಯ ಪರಿಪೂರ್ಣತೆಗಿಂತ ಇಂಥ ತೇಪೆಗಳಲ್ಲಿಯೇ ಇದೆ ಎಂಬ ಮಾತನ್ನು ಡಾರ್ವಿನ್ನರಿಂದ ಎತ್ತಿಕೊಂಡು ಅವರು ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆಂದರೆ, ಆ ಪ್ರಬಂಧ ಓದಿದ ಮೇಲೆ ನನ್ನ ಕೈಯನ್ನೇ ನಾನು ಬೇರೆ ರೀತಿ ನೋಡತೊಡಗಿದೆ.

ಇದೇ ಸಂಕಲನದಲ್ಲಿ ಮಿಕ್ಕಿ ಮೌಸ್‌ನ ಚಿತ್ರವನ್ನು ಅಳತೆಪಟ್ಟಿ ಹಿಡಿದು ಅಳೆದ ಪ್ರಬಂಧವಿದೆ. ವರ್ಷಗಳು ಕಳೆದಂತೆ ಕಲಾವಿದರು ಮಿಕ್ಕಿಯ ಕಣ್ಣನ್ನೂ ತಲೆಯನ್ನೂ ದೊಡ್ಡದು ಮಾಡುತ್ತ, ತುಂಟ ಇಲಿಯನ್ನು ಮುದ್ದು ಮಗುವಿನ ರೂಪಕ್ಕೆ ತಂದರೆಂದು ತೋರಿಸಿ, ಅಲ್ಲಿಂದ ಮನುಷ್ಯನೂ ಹೇಗೆ ಬಾಲ್ಯದ ಲಕ್ಷಣಗಳನ್ನು ಪ್ರಾಯದವರೆಗೂ ಉಳಿಸಿಕೊಂಡ ಪ್ರಾಣಿ ಎಂಬ ಚರ್ಚೆಗೆ ಹೋಗುತ್ತಾರೆ. 1985ರ ‘ದ ಫ್ಲೆಮಿಂಗೋಸ್ ಸ್ಮೈಲ್’ ಸಂಕಲನದ ಶೀರ್ಷಿಕೆ ಪ್ರಬಂಧವೂ ಈ ಜಾತಿಯದೇ. ರಾಜಹಂಸ ತಲೆಯನ್ನು ತಲೆಕೆಳಗು ಮಾಡಿ ನೀರು ಸೋಸಿ ತಿನ್ನುತ್ತದೆ. ಹಾಗಾಗಿ ಅದರ ಮೇಲ್ಕೊಕ್ಕು ಉಳಿದ ಹಕ್ಕಿಗಳ ಕೆಳಕೊಕ್ಕಿನ ಆಕಾರವನ್ನೂ ಚಲನೆಯನ್ನೂ ಪಡೆದಿದೆ. ಚಿತ್ರವನ್ನು ತಿರುಗಿಸಿ ಹಿಡಿದರೆ ಹಕ್ಕಿ ನಗುತ್ತಿರುವಂತೆ ಕಾಣುತ್ತದೆ. ಓದುಗರು ಪುಸ್ತಕವನ್ನು ತಿರುಗಿಸಿ ನೋಡದೆ ಇರಲಾರರು, ನಾನೂ ತಿರುಗಿಸಿ ನೋಡಿದೆ.

ಈ ಪ್ರಬಂಧಗಳೆಲ್ಲ ಮೊದಲು ಬಂದದ್ದು ‘ನ್ಯಾಚುರಲ್ ಹಿಸ್ಟರಿ’ ಮಾಸಪತ್ರಿಕೆಯ ಅಂಕಣದಲ್ಲಿ. 1974ರ ಜನವರಿಯಿಂದ 2001ರ ಜನವರಿಯವರೆಗೆ, ಒಂದು ಕಂತನ್ನೂ ತಪ್ಪಿಸದೆ, ಅವರು 300 ಪ್ರಬಂಧಗಳನ್ನು ಬರೆದರು. 1982ರಲ್ಲಿ ಹೊಟ್ಟೆಯ ಒಳಪೊರೆಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡು ಕಠಿಣ ಚಿಕಿತ್ಸೆ ಪಡೆಯುತ್ತಿದ್ದ ಕಾಲದಲ್ಲೂ ಅಂಕಣ ನಿಲ್ಲಲಿಲ್ಲ. ವಿಜ್ಞಾನಿಯೊಬ್ಬರು ತಮ್ಮ ಶಾಸ್ತ್ರವನ್ನು ಸರಳಗೊಳಿಸುವ ನೆಪದಲ್ಲಿ ತೆಳುಗೊಳಿಸದೆ, ಸಾಹಿತ್ಯದ ಸುಖವನ್ನೂ ಕೊಡುವಂತೆ ಬರೆಯಬಲ್ಲರೆಂಬುದು ಕನ್ನಡದವರಿಗೆ ಹೊಸತಲ್ಲ. ಅದೇ ಹಾರ್ವರ್ಡಿನಲ್ಲಿ ಕೆಲಕಾಲ ಸಂಶೋಧನೆ ಮಾಡಿ ಬಂದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರನ್ನು ಓದಿದವರಿಗೆ ಗೂಲ್ಡ್ ಅವರ ಮೊದಲ ಐದಾರು ಸಂಕಲನಗಳು ಪರಿಚಿತ ಮನೆಯಂತೆಯೇ ತೋರುತ್ತವೆ. ಸ್ವಾಮಿ ಅವರಲ್ಲಿ ಕಾಡು, ಊರು, ಜನ ಎಲ್ಲ ಮಾತಿಗೆ ಬರುತ್ತಾರೆ. ಗೂಲ್ಡ್ ಅವರಲ್ಲಿ ಹಳೆಯ ಗ್ರಂಥಾಲಯವೂ ಮ್ಯೂಸಿಯಂ ಡ್ರಾಯರುಗಳೂ ಮಾತಾಡುತ್ತವೆ. ಅವರು ಮೂಲ ಪುಸ್ತಕವನ್ನು, ಅದು ಲ್ಯಾಟಿನ್ನಿನಲ್ಲಿದ್ದರೂ, ತಾವೇ ತೆರೆದು ಓದಿ ಬರೆಯುತ್ತಿದ್ದರು. ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ 23ರಂದು ಎಂದು ಲೆಕ್ಕ ಹಾಕಿದ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಅವರನ್ನು ಪಠ್ಯಪುಸ್ತಕಗಳು ಮೂಢನೆಂದು ಹಳಿಯುವಾಗ, ಗೂಲ್ಡ್ ಆ ಲೆಕ್ಕದ ಹಿಂದಿನ ಪಾಂಡಿತ್ಯವನ್ನೂ ಆ ಕಾಲಕ್ಕೆ ಅದು ಪ್ರಾಮಾಣಿಕ ವಿದ್ವತ್ತಾಗಿತ್ತೆಂಬುದನ್ನೂ ತಾಳ್ಮೆಯಿಂದ ವಿವರಿಸುತ್ತಾರೆ. ತಪ್ಪು ಹೇಳಿದವರ ಬಗ್ಗೆ ಇಷ್ಟು ಗೌರವ ಇಟ್ಟುಕೊಂಡ ವಿಜ್ಞಾನ ಲೇಖಕರನ್ನು ನಾನು ಬೇರೆ ಕಂಡಿಲ್ಲ.

1990ರ ದಶಕದ ನಂತರದ ಸಂಕಲನಗಳಲ್ಲಿ ಈ ಬಿಗಿ ಸಡಿಲವಾಗಿದೆ ಎಂಬುದನ್ನೂ ಹೇಳಬೇಕು. ಪೀಠಿಕೆ ಉದ್ದವಾಗುತ್ತದೆ, ಆವರಣದೊಳಗೆ ಆವರಣ ಬೆಳೆಯುತ್ತದೆ, ಬೈಬಲ್ಲಿನ ಸಾಲುಗಳೂ ಒಪೆರಾದ ಹಾಡುಗಳೂ ಬೇಸ್‌ಬಾಲ್ ಆಟಗಾರರೂ ಪುಟಪುಟಕ್ಕೆ ಎದುರಾಗುತ್ತಾರೆ, ಹಿಂದೆ ಹೇಳಿದ್ದೇ ಮತ್ತೆ ಬರುತ್ತದೆ. ಅಮೆರಿಕದ ಆ ಸಂಸ್ಕೃತಿಯ ಒಳಗಿರದ ನಮಗೆ ಇದು ಎರಡು ಪಟ್ಟು ಭಾರ. ಹತ್ತೂ ಸಂಕಲನಗಳನ್ನು ಕೊಳ್ಳುವ ಅಗತ್ಯವಿಲ್ಲ. 1977ರ ‘ಎವರ್ ಸಿನ್ಸ್ ಡಾರ್ವಿನ್’, ‘ದ ಪಾಂಡಾಸ್ ಥಂಬ್’, 1991ರ ‘ಬುಲಿ ಫಾರ್ ಬ್ರಾಂಟೊಸಾರಸ್’ ಇಷ್ಟಿದ್ದರೆ ಆರಂಭಕ್ಕೆ ಸಾಕು.

ಇನ್ನು 1981ರ ‘ದ ಮಿಸ್‌ಮೆಷರ್ ಆಫ್ ಮ್ಯಾನ್’. ಮನುಷ್ಯನ ಬುದ್ಧಿಯನ್ನು ಒಂದೇ ಸಂಖ್ಯೆಗೆ ಇಳಿಸಿ, ಆ ಸಂಖ್ಯೆಯ ಪ್ರಕಾರ ಜನಾಂಗಗಳನ್ನೂ ವರ್ಗಗಳನ್ನೂ ಸಾಲಾಗಿ ನಿಲ್ಲಿಸಿದವರ ಇತಿಹಾಸವಿದು. ಇದರ ಅತ್ಯುತ್ತಮ ಭಾಗ ಮೊದಲ ಮಹಾಯುದ್ಧದ ಕಾಲದಲ್ಲಿ ಮನೋವಿಜ್ಞಾನಿ ರಾಬರ್ಟ್ ಯರ್ಕ್ಸ್ ಅಮೆರಿಕದ ಸೈನ್ಯಕ್ಕೆ ಸೇರಿದ ಸುಮಾರು 17.5 ಲಕ್ಷ ಜನರಿಗೆ ನಡೆಸಿದ ಬುದ್ಧಿಪರೀಕ್ಷೆಗಳನ್ನು ಕುರಿತದ್ದು. ಇಂಗ್ಲಿಷ್ ಓದಲಾರದವರಿಗೆಂದು ಚಿತ್ರಗಳ ಪರೀಕ್ಷೆಯೊಂದಿತ್ತು. ಚಿತ್ರದಲ್ಲಿ ಕಾಣೆಯಾದ ಭಾಗವನ್ನು ಬರೆದು ತುಂಬಿಸಬೇಕು. ಟೆನ್ನಿಸ್ ಅಂಕಣದಲ್ಲಿ ಬಲೆಯಿಲ್ಲ, ಗ್ರಾಮಫೋನಿಗೆ ಕೊಂಬಿಲ್ಲ. ಹಡಗಿನಿಂದ ಇಳಿದು ಕೆಲವೇ ವರ್ಷವಾಗಿರುವ, ಜೀವನದಲ್ಲಿ ಟೆನ್ನಿಸ್ ಆಟವನ್ನೇ ಕಾಣದ ರೈತನ ಮಗ ಬಲೆಯನ್ನು ಎಲ್ಲಿಂದ ತಂದು ಬರೆದಾನು? ಅವನು ತಪ್ಪಿದ್ದಕ್ಕೆ ಅವನ ಇಡೀ ಜನಾಂಗಕ್ಕೆ ಹುಟ್ಟಿನಿಂದಲೇ ಬುದ್ಧಿ ಕಡಿಮೆಯೆಂದು ತೀರ್ಪು ಬಂತು. ಗೂಲ್ಡ್ ಆ ಚಿತ್ರಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದಾರೆ, ತಮ್ಮ ಹಾರ್ವರ್ಡ್ ವಿದ್ಯಾರ್ಥಿಗಳಿಗೆ ಅದೇ ಪರೀಕ್ಷೆಯನ್ನು ಕೊಟ್ಟು ನೋಡಿದ್ದಾರೆ. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ನಮ್ಮಲ್ಲಿ ಮೂಗಿನ ಅಗಲ ಅಳೆದು ಜಾತಿಗಳಿಗೆ ಮೇಲು ಕೀಳಿನ ಕ್ರಮ ಕಟ್ಟಲು ಹೊರಟದ್ದನ್ನು ಬಲ್ಲ ಭಾರತೀಯ ಓದುಗರು ಈ ಅಧ್ಯಾಯವನ್ನು ದೂರದ ದೇಶದ ಕಥೆಯೆಂದು ಓದಲಾರರು.

ಎಡವಿದ್ದೂ ಇದೇ ಪುಸ್ತಕದಲ್ಲಿ. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯಲ್ ಜಾರ್ಜ್ ಮಾರ್ಟನ್ 19ನೆಯ ಶತಮಾನದ ಮೊದಲ ಅರ್ಧದಲ್ಲಿ ಸಾವಿರದಷ್ಟು ತಲೆಬುರುಡೆಗಳನ್ನು ಸಂಗ್ರಹಿಸಿ, ಮೊದಲು ಸಾಸಿವೆಯಂಥ ಕಾಳನ್ನೂ ಆಮೇಲೆ ಸೀಸದ ಗುಂಡುಗಳನ್ನೂ ತುಂಬಿಸಿ ಅವುಗಳ ಒಳಗಾತ್ರವನ್ನು ಅಳೆದಿದ್ದರು. ಮಾರ್ಟನ್ ಬೇಕೆಂದು ಮೋಸ ಮಾಡಲಿಲ್ಲ, ಆದರೆ ಪೂರ್ವಗ್ರಹ ಅವರಿಗೆ ಅರಿವಿಲ್ಲದಂತೆಯೇ ಕೈಗಿಳಿಯಿತು, ಬಿಳಿಯರ ಬುರುಡೆಗೆ ಕಾಳನ್ನು ಒತ್ತಿ ತುಂಬಿಸಿರಬಹುದು, ಕರಿಯರ ಬುರುಡೆಗೆ ಸಡಿಲವಾಗಿ, ಎಂದು ಗೂಲ್ಡ್ ವಾದಿಸಿದರು. ಬುರುಡೆಗಳನ್ನು ಅವರು ತಾವೇ ಅಳೆಯಲಿಲ್ಲ. ಮಾರ್ಟನ್ ಅವರ ಅಂಕಿಗಳನ್ನು ಮಾತ್ರ ಮರುಲೆಕ್ಕ ಹಾಕಿದರು. 2011ರಲ್ಲಿ ವಿಜ್ಞಾನಿಗಳ ತಂಡವೊಂದು ಸುಮಾರು 300 ಬುರುಡೆಗಳನ್ನು ಮತ್ತೆ ಅಳೆದಾಗ ಮಾರ್ಟನ್ ಅವರ ಅಳತೆಗಳು ಬಹುಮಟ್ಟಿಗೆ ಸರಿಯಿದ್ದವು, ಗೂಲ್ಡ್ ಅವರ ಲೆಕ್ಕದಲ್ಲಿಯೇ ತಪ್ಪುಗಳಿದ್ದವು. ಆ ತಂಡದ ತೀರ್ಮಾನಗಳನ್ನೂ ಬೇರೆಯವರು ಆಮೇಲೆ ಪ್ರಶ್ನಿಸಿದ್ದಾರೆ, ಚರ್ಚೆ ಮುಂದುವರಿದಿದೆ. ಆದರೂ ಬೇರೆಯವರ ಅಳತೆಯಲ್ಲಿ ಪೂರ್ವಗ್ರಹ ಹುಡುಕಿದವರು ತಮ್ಮ ಅಳತೆಯಲ್ಲಿ ಅದನ್ನು ಕಾಣದೆ ಹೋದದ್ದು ನನಗೆ ನೋವಿನ ಸಂಗತಿ, ಏಕೆಂದರೆ ಪುಸ್ತಕದ ನೈತಿಕ ನಿಲುವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 1996ರ ವಿಸ್ತೃತ ಆವೃತ್ತಿಯನ್ನು ಕೊಳ್ಳಿ. ಮಾರ್ಟನ್ ಅಧ್ಯಾಯವನ್ನು ಮಾತ್ರ ವಿವಾದಿತವೆಂದು ತಿಳಿದು ಓದಿ.

1989ರ ‘ವಂಡರ್‌ಫುಲ್ ಲೈಫ್’ ಅವರ ಕೃತಿಗಳಲ್ಲೆಲ್ಲ ಕಥೆಯಂತೆ ಓದಿಸಿಕೊಂಡು ಹೋಗುವ ಪುಸ್ತಕ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ, ಬರ್ಜೆಸ್ ಶೇಲ್ ಎಂಬ ಪದರಗಲ್ಲಿನಲ್ಲಿ, 50 ಕೋಟಿ ವರ್ಷಗಳಿಗೂ ಹಿಂದಿನ ಮೆತ್ತನೆಯ ದೇಹದ ಜೀವಿಗಳ ಅಚ್ಚುಗಳಿವೆ. 1909ರಲ್ಲಿ ಅವುಗಳನ್ನು ಕಂಡುಹಿಡಿದ ಚಾರ್ಲ್ಸ್ ವಾಲ್ಕಾಟ್ ಮುಂದಿನ ವರ್ಷಗಳಲ್ಲಿ ಸುಮಾರು 65,000 ಮಾದರಿಗಳನ್ನು ಕೂಡಿಹಾಕಿದರು, ಆದರೆ ಅವನ್ನೆಲ್ಲ ಇಂದಿನ ಪ್ರಾಣಿಗಳ ವರ್ಗಗಳೊಳಗೇ ತುರುಕಿದರು. ಅರ್ಧ ಶತಮಾನ ಕಳೆದ ಮೇಲೆ ಕೇಂಬ್ರಿಜ್‌ನ ಹ್ಯಾರಿ ವಿಟಿಂಗ್‌ಟನ್ ಮತ್ತು ಅವರ ಶಿಷ್ಯರಾದ ಡೆರೆಕ್ ಬ್ರಿಗ್ಸ್, ಸೈಮನ್ ಕಾನ್ವೇ ಮಾರಿಸ್ ಆ ಕಲ್ಲುಗಳನ್ನು ಸೂಕ್ಷ್ಮದರ್ಶಕದಡಿ ಪದರಪದರವಾಗಿ ಕೆರೆದು ನೋಡಿದಾಗ ಬೇರೆಯೇ ಲೋಕ ಕಂಡಿತು. ಓಪಾಬಿನಿಯಾ ಎಂಬ ಜೀವಿಗೆ ಐದು ಕಣ್ಣು, ಮುಂದೆ ಚಾಚಿದ ಸೊಂಡಿಲು, ಅದರ ತುದಿಯಲ್ಲಿ ಇಕ್ಕಳ. ವಿಟಿಂಗ್‌ಟನ್ ಅದರ ಚಿತ್ರವನ್ನು ಸಭೆಯೊಂದರಲ್ಲಿ ಮೊದಲು ತೋರಿಸಿದಾಗ ನೆರೆದ ವಿಜ್ಞಾನಿಗಳು ಗೊಳ್ಳೆಂದು ನಕ್ಕರು. ಅನೋಮಲೋಕಾರಿಸ್‌ನ ಬಾಯಿಯನ್ನು ಹಿಂದೆ ಅಂಬಲಿ ಮೀನು ಎಂದೂ ಅದರ ಮುಂಗೈಗಳನ್ನು ಸಿಗಡಿ ಎಂದೂ ಬೇರೆ ಬೇರೆ ಹೆಸರಿಟ್ಟು ವರ್ಣಿಸಿದ್ದರು. ಅವೆಲ್ಲ ಒಂದೇ ಪ್ರಾಣಿಯ ಅಂಗಗಳೆಂದು ಗೊತ್ತಾಗುವ ಪುಟಗಳು ಪತ್ತೇದಾರಿ ಕಥೆಯ ರೋಚಕತೆಯನ್ನು ಕೊಡುತ್ತವೆ.

ಇಲ್ಲಿಂದ ಗೂಲ್ಡ್ ಎತ್ತುವ ವಾದ ಪ್ರಸಿದ್ಧವಾದದ್ದು. ಜೀವದ ಇತಿಹಾಸವನ್ನು ಟೇಪಿನಂತೆ ಹಿಂದಕ್ಕೆ ಸುತ್ತಿ ಮತ್ತೆ ಓಡಿಸಿದರೆ ಮನುಷ್ಯ ಎರಡನೆಯ ಸಲ ಹುಟ್ಟುವ ಸಂಭವ ಬಹಳ ಕಡಿಮೆ. ಬರ್ಜೆಸ್ ಜೀವಿಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದು ಯೋಗ್ಯತೆಗಿಂತ ಹೆಚ್ಚಾಗಿ ಲಾಟರಿಯಂತೆ ನಿರ್ಧಾರವಾಯಿತು ಎಂದು ಅವರು ಹೇಳುತ್ತಾರೆ. ಆ ಜೀವಿಗಳಲ್ಲಿ ಹಲವು ಇಂದಿನ ಯಾವ ವರ್ಗಕ್ಕೂ ಸೇರದವು ಎಂಬುದು ಅವರ ಆಧಾರ. ಪುಸ್ತಕ ಬಂದ ಎರಡೇ ವರ್ಷಕ್ಕೆ, 1991ರಲ್ಲಿ, ಹಾಲ್ಯೂಸಿಜೀನಿಯಾ ಎಂಬ ವಿಚಿತ್ರ ಜೀವಿಯ ಚಿತ್ರವನ್ನು ವಿಜ್ಞಾನಿಗಳು ಅದುವರೆಗೆ ತಲೆಕೆಳಗಾಗಿ ಬರೆಯುತ್ತಿದ್ದರೆಂದು ತಿಳಿಯಿತು. ಕಾಲುಗಳೆಂದುಕೊಂಡಿದ್ದವು ಬೆನ್ನಿನ ಮುಳ್ಳುಗಳಾಗಿದ್ದವು. ಓಪಾಬಿನಿಯಾ, ಅನೋಮಲೋಕಾರಿಸ್‌ಗಳನ್ನು ಈಗ ಸಂಧಿಪದಿಗಳ (ಕೀಟ, ಜೇಡ, ಸಿಗಡಿಗಳ ಗುಂಪಿನ) ವಂಶವೃಕ್ಷದ ಬುಡದ ಕೊಂಬೆಗಳಲ್ಲಿ ಇರಿಸುತ್ತಾರೆ. ಗೂಲ್ಡ್ ಯಾರನ್ನು ಕಥಾನಾಯಕರಂತೆ ಕೊಂಡಾಡಿದ್ದರೋ ಆ ಕಾನ್ವೇ ಮಾರಿಸ್ ಅವರೇ 1998ರಲ್ಲಿ ಇಡೀ ವಾದವನ್ನು ಅಲ್ಲಗಳೆದು ಪುಸ್ತಕ ಬರೆದರು. ಆದರೂ ‘ವಂಡರ್‌ಫುಲ್ ಲೈಫ್’ ಓದಲೇಬೇಕಾದ ಪುಸ್ತಕವೆಂದೇ ನಾನು ಹೇಳುತ್ತೇನೆ, ಕಲ್ಲಿನಲ್ಲಿ ಚಪ್ಪಟೆಯಾದ ಮಸಿಗುರುತಿನಿಂದ ಮೂರು ಆಯಾಮದ ಜೀವಿಯನ್ನು ಮರಳಿ ಕಟ್ಟುವ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಇಷ್ಟು ವಿವರವಾಗಿ ತೋರಿಸುವ ಪುಸ್ತಕವನ್ನು ನಾನು ಮತ್ತೊಂದು ಓದಿಲ್ಲ. ಕೊಳ್ಳುವಾಗ ಒಂದು ಎಚ್ಚರ ಬೇಕು. ಈ ಪುಸ್ತಕದ ಅರ್ಧ ಜೀವ ಮೇರಿಯಾನ್ ಕಾಲಿನ್ಸ್ ಬರೆದ ರೇಖಾಚಿತ್ರಗಳಲ್ಲಿದೆ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ನಾನು ಮೊದಲು ತರಿಸಿದ ಅಗ್ಗದ ಪ್ರತಿಯಲ್ಲಿ ಆ ಚಿತ್ರಗಳು ಜೆರಾಕ್ಸ್ ಮಾಡಿದಂತೆ ಕಪ್ಪಾಗಿ, ಓಪಾಬಿನಿಯಾದ ಐದು ಕಣ್ಣುಗಳೂ ಒಂದೇ ಮಚ್ಚೆಯಾಗಿ ಕಂಡವು. ಅದನ್ನು ವಾಪಸ್ ಕಳಿಸಿ ಮೂಲ ಪ್ರಕಾಶಕರ ಹಳೆಯ ಪ್ರತಿಯನ್ನೇ ಹುಡುಕಿ ಕೊಂಡೆ. ಕೊಂಚ ಹೆಚ್ಚು ಹಣ ತೆತ್ತದ್ದಕ್ಕೆ ಬೇಸರವಿಲ್ಲ.

1996ರ ‘ಫುಲ್ ಹೌಸ್’ ಗಾತ್ರದಲ್ಲಿ ಚಿಕ್ಕದು, ವಿಚಾರದಲ್ಲಿ ಬಿಗಿಯಾದದ್ದು. ಸರಾಸರಿಯನ್ನೋ ತುತ್ತತುದಿಯನ್ನೋ ಮಾತ್ರ ನೋಡಬೇಡಿ, ಇಡೀ ಹರವನ್ನು ನೋಡಿ ಎಂಬುದೇ ಇದರ ಸಾರ. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ (ಹೊಡೆಯುವ ಅವಕಾಶಗಳಲ್ಲಿ ಫಲಿಸಿದ ಹೊಡೆತಗಳ ಪಾಲು) ಗಳಿಸಿದ ಮೇಲೆ ಅಮೆರಿಕದ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್ ಬೇಸ್‌ಬಾಲ್‌ನಲ್ಲಿ 0.400 ದಾಟಿದವರೇ ಇಲ್ಲದಿರುವುದು ಆಟ ಕೆಟ್ಟದ್ದಕ್ಕಲ್ಲ, ಎಲ್ಲರೂ ಉತ್ತಮಗೊಂಡು ಅತಿ ಒಳ್ಳೆಯವರಿಗೂ ಸಾಧಾರಣದವರಿಗೂ ನಡುವಿನ ಅಂತರ ಕುಗ್ಗಿದ್ದಕ್ಕೆ ಎಂದು ಅವರು ಅಂಕಿಗಳಿಂದ ತೋರಿಸುತ್ತಾರೆ. ಬೇಸ್‌ಬಾಲ್ ಗೊತ್ತಿಲ್ಲದವರು ಈ ಅಧ್ಯಾಯಗಳಲ್ಲಿ ಹೆಣಗಬೇಕಾಗುತ್ತದೆ, ಕ್ರಿಕೆಟ್ಟಿನ ಸರಾಸರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಾರಿ ಸುಗಮವಾಗುತ್ತದೆ. ಅದೇ ತರ್ಕವನ್ನು ಜೀವವಿಕಾಸಕ್ಕೆ ತಂದು, ಭೂಮಿಯ ಮೇಲೆ ಇಂದಿಗೂ ಬ್ಯಾಕ್ಟೀರಿಯಾಗಳದೇ ಪ್ರಾಬಲ್ಯ, ಸಂಕೀರ್ಣ ಜೀವಿಗಳು ಹರವಿನ ಒಂದು ತೆಳುವಾದ ಬಾಲ ಮಾತ್ರ ಎನ್ನುತ್ತಾರೆ. ಈ ತರ್ಕ ಅವರ ಪಾಲಿಗೆ ಬರಿಯ ಶಾಸ್ತ್ರವಾಗಿರಲಿಲ್ಲ. ಅವರಿಗೆ ಬಂದ ಕ್ಯಾನ್ಸರಿನಲ್ಲಿ ಬದುಕುಳಿಯುವ ಅವಧಿಯ ಮಧ್ಯಾಂಕ ಎಂಟು ತಿಂಗಳು ಎಂದು ಗ್ರಂಥಾಲಯದಲ್ಲಿ ಓದಿ ತಿಳಿದಾಗ, ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಆ ಅರ್ಧದ ಬಾಲ ಬಲಕ್ಕೆ ಬಹಳ ಉದ್ದ ಚಾಚಿದೆ ಎಂದು ಅವರು ಲೆಕ್ಕ ಹಾಕಿದರು. ಆಮೇಲೆ 20 ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡದ್ದು ಬೇರೊಂದು ಕ್ಯಾನ್ಸರಿನಿಂದ. ಈ ಅನುಭವದ ಪ್ರಬಂಧ ‘ಬುಲಿ ಫಾರ್ ಬ್ರಾಂಟೊಸಾರಸ್’ ಸಂಕಲನದಲ್ಲಿಯೂ ಇದೆ. ಕ್ಯಾನ್ಸರ್ ಪತ್ತೆಯಾದ ಸ್ನೇಹಿತರೊಬ್ಬರಿಗೆ ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದೆ. ಅವರು ಕಾಗದ ತರಿಸಿ ಆ ವಕ್ರರೇಖೆಯನ್ನು ಬರೆಸಿಕೊಂಡು ಇಟ್ಟುಕೊಂಡರು.

1987ರ ‘ಟೈಮ್ಸ್ ಆರೋ, ಟೈಮ್ಸ್ ಸೈಕಲ್’ ಹೆಚ್ಚು ಜನ ಓದದ, ಆದರೆ ನನಗೆ ಬಹಳ ಪ್ರಿಯವಾದ ಪುಸ್ತಕ. ಬಾಣದಂತೆ ಮುಂದಕ್ಕೆ ಹೋಗುವ ಕಾಲ, ಚಕ್ರದಂತೆ ಮರಳುವ ಕಾಲ ಎಂಬ ಎರಡು ಕಲ್ಪನೆಗಳು ಬರ್ನೆಟ್, ಹಟ್ಟನ್, ಲಯೆಲ್ ಎಂಬ ಮೂವರ ಭೂವಿಜ್ಞಾನವನ್ನು ಹೇಗೆ ರೂಪಿಸಿದವೆಂದು ಇದು ವಿವರಿಸುತ್ತದೆ. ಹಟ್ಟನ್ ಬಂಡೆಗಳನ್ನು ನೋಡಿ ಸಿದ್ಧಾಂತ ಕಟ್ಟಿದರೆಂಬುದು ರೂಢಿಯ ಮಾತು. ಸಿದ್ಧಾಂತ ಮೊದಲು ಬಂತು, ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟಿನ ಪ್ರಸಿದ್ಧ ಬಂಡೆಗಳನ್ನು ಅವರು ನೋಡಿದ್ದು ಆಮೇಲೆ ಎಂದು ಗೂಲ್ಡ್ ತಾರೀಖುಗಳ ಸಮೇತ ತೋರಿಸುತ್ತಾರೆ. ಯುಗಗಳ ಚಕ್ರದ ಕಲ್ಪನೆಯಲ್ಲಿಯೇ ಬೆಳೆದ ನಮಗೆ ಇಲ್ಲಿನ ಚರ್ಚೆ ತಾನಾಗಿ ಹತ್ತಿರವಾಗುತ್ತದೆ. 1999ರ ‘ರಾಕ್ಸ್ ಆಫ್ ಏಜಸ್’ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ವಿಜ್ಞಾನಕ್ಕೆ ಸಂಗತಿಗಳ ಕ್ಷೇತ್ರ, ಧರ್ಮಕ್ಕೆ ಮೌಲ್ಯಗಳ ಕ್ಷೇತ್ರ, ಒಂದು ಇನ್ನೊಂದರ ಬೇಲಿ ದಾಟಬಾರದು ಎಂಬ ಸಲಹೆ ಸದುದ್ದೇಶದ್ದೇ ಆದರೂ, ಧರ್ಮಗಳು ದಿನನಿತ್ಯ ಸಂಗತಿಗಳ ಬಗ್ಗೆಯೇ ಮಾತಾಡುವ ಲೋಕದಲ್ಲಿ ಅದು ಕಾಗದದ ಮೇಲಿನ ಬೇಲಿಯಾಗಿ ಉಳಿಯುತ್ತದೆ. ಕೈಯಲ್ಲಿ ಹಿಡಿಯಲು ಬಸವನಹುಳುವೇ ಇಲ್ಲದ ಪುಸ್ತಕ ಇದು.

2002ರ ‘ದ ಸ್ಟ್ರಕ್ಚರ್ ಆಫ್ ಎವಲ್ಯೂಷನರಿ ಥಿಯರಿ’ ಆ ಮಹಾಗ್ರಂಥ. 1972ರಲ್ಲಿ ನೈಲ್ಸ್ ಎಲ್ಡ್ರೆಜ್ ಅವರೊಡನೆ ಮಂಡಿಸಿದ ಸಿದ್ಧಾಂತ, ಅಂದರೆ ಪ್ರಭೇದಗಳು ಬಹುಕಾಲ ಬದಲಾಗದೆ ಉಳಿದು, ಭೂವಿಜ್ಞಾನದ ಲೆಕ್ಕದಲ್ಲಿ ಕ್ಷಣವೆನ್ನಬಹುದಾದ ಅವಧಿಯಲ್ಲಿ ಕವಲೊಡೆಯುತ್ತವೆ ಎಂಬ ವಿಚಾರಕ್ಕೆ ಇಲ್ಲಿ ಪುಸ್ತಕದ ಒಳಗೊಂದು ಪುಸ್ತಕದಷ್ಟು ಜಾಗ ಸಿಕ್ಕಿದೆ. ನಾನು ಇದನ್ನು ಮುಗಿಸಲು ಎರಡು ಬೇಸಿಗೆ ರಜೆ ತೆಗೆದುಕೊಂಡೆ. ಸಂಪಾದಕರೊಬ್ಬರು ಗಟ್ಟಿ ಮನಸ್ಸಿನಿಂದ ಮೂರನೆಯ ಒಂದು ಭಾಗವನ್ನು ಕತ್ತರಿಸಿದ್ದರೆ ಇದು ಇನ್ನೂ ಹೆಚ್ಚು ಜನರನ್ನು ತಲುಪುತ್ತಿತ್ತು. ಜೀವವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವವರ ಹೊರತು ಉಳಿದವರು ಗ್ರಂಥಾಲಯದಲ್ಲಿ ಕುಳಿತು ಮೊದಲ ಅಧ್ಯಾಯವನ್ನು ಓದಿದರೆ ಸಾಕು.

ಅದೇ ವರ್ಷ ಬಂದ ಕೊನೆಯ ಸಂಕಲನ ‘ಐ ಹ್ಯಾವ್ ಲ್ಯಾಂಡೆಡ್’ ಅನ್ನು, ಅದರ ಹಲವು ಪ್ರಬಂಧಗಳು ಸೊರಗಿದ್ದರೂ, ಶೀರ್ಷಿಕೆ ಪ್ರಬಂಧಕ್ಕಾಗಿ ನಾನು ಕೊಂಡಿಟ್ಟುಕೊಂಡಿದ್ದೇನೆ. ಅಂಕಣದ 300ನೆಯ, ಕಡೆಯ ಕಂತು ಅದು. ಗೂಲ್ಡ್ ಅವರ ತಾಯಿಯ ತಂದೆ ಹದಿಹರೆಯದಲ್ಲಿ ಯುರೋಪಿನಿಂದ ವಲಸೆ ಬಂದು ನ್ಯೂಯಾರ್ಕಿನಲ್ಲಿ ಇಳಿದು, ಭಾಷೆ ಕಲಿಯಲು ಐದು ಸೆಂಟ್ ಕೊಟ್ಟು ಹಳೆಯ ಇಂಗ್ಲಿಷ್ ವ್ಯಾಕರಣ ಪುಸ್ತಕವೊಂದನ್ನು ಕೊಂಡಿದ್ದರು. ಅದರ ಪುಟದ ಮೇಲೆ ಅವರು ಬರೆದುಕೊಂಡ ಸಾಲು ಇಷ್ಟೇ: ನಾನು ಬಂದಿಳಿದೆ, 1901ರ ಸೆಪ್ಟೆಂಬರ್ 11. ಮೊಮ್ಮಗ ಆ ವ್ಯಾಕರಣ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.